ಹಡಗಿನ ಪುಸ್ತಕದ ಎರವು

ಬೇರೆ ಶಾಲೆಗಳಲ್ಲಿ ಮಕ್ಕಳು ಪುಸ್ತಕ ಒಯ್ದು ವಾಪಸ್ ತರದಿದ್ದರೆ ಟೀಚರಿಗೆ ಚಿಂತೆ. ನಮ್ಮ ಶಾಲೆಯಲ್ಲಿ ಉಲ್ಟಾ. ಹುಡುಗಿಯೊಬ್ಬಳು ಕೇಳುವ ಮೊದಲೇ ಪುಸ್ತಕ ತಂದುಕೊಟ್ಟರೆ, ಅದೂ ಹೊಸ ಬಟ್ಟೆಯಲ್ಲಿ ಚೆಂದಗೆ ಸುತ್ತಿ ಕೊಟ್ಟರೆ, ಗುರುದೇವಿಯ ಮುಖ ಬಾಡುತ್ತಿತ್ತು. ಅದೇಕೆ ಎಂದು ಹೇಳುವ ಮೊದಲು ಗುರುದೇವಿ ಯಾರು ಎಂದು ಹೇಳಬೇಕು.

ನಾನು ಚಂದ್ರಕಲಾ. ಮನೆ ಸೇಡಂನಲ್ಲಿ. ಕಾಗಿಣಾ ದಂಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ದಿನಾ ಸ್ಕೂಟಿಯ ಮೇಲೆ ಹೋಗಿ ಬರುತ್ತೇನೆ. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿ ನಾನು ಇನ್ನೂ ಕೆಲಸ ಮಾಡಬೇಕು. ಕಥೆ ಪುಸ್ತಕದ ಹುಚ್ಚು ನನಗೆ ಯಾವತ್ತೂ ಇಲ್ಲ. ಲೆಕ್ಕಕ್ಕೆ ಉತ್ತರ ಇರುತ್ತದೆ, ಕಥೆಗೆ ಏನಿರುತ್ತದೆ ಎಂದು ಗುರುದೇವಿಯನ್ನು ಕಾಡಿಸುತ್ತಿದ್ದೆ. ಅವಳು ನನಗಿಂತ ಬಹಳ ಚಿಕ್ಕವಳು. ಕನ್ನಡ ಕಲಿಸಲು ವಾಡಿಯಿಂದ ಬರುತ್ತಿದ್ದ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ನಮ್ಮ ಇಲಾಖೆಯ ಭಾಷೆಯಲ್ಲಿ ಊಟಕ್ಕೆ ಕರೆಸಿಕೊಂಡೂ ಎಲೆ ಸಿಗದವರು.

ಅವಳ ಅಪ್ಪ ಭೀಮಾಶಂಕರ ವಾಡಿ ಸ್ಟೇಷನ್ನಿನಲ್ಲಿ ರೈಲು ಡಬ್ಬಿಗಳ ಕಸ ಗುಡಿಸುತ್ತಿದ್ದ. ಪ್ರಯಾಣಿಕರು ಮರೆತುಹೋದ ಕೊಡೆ, ಪರ್ಸು ಎಲ್ಲವನ್ನೂ ಸ್ಟೇಷನ್ ಮಾಸ್ತರಿಗೆ ಒಪ್ಪಿಸುತ್ತಿದ್ದ. ಪುಸ್ತಕಗಳನ್ನು ಮಾತ್ರ ಯಾರೂ ಕೇಳಿಕೊಂಡು ಬರುತ್ತಿರಲಿಲ್ಲ. ಅವು ಮಗಳಿಗೆ. ಆದರೆ ರೈಲಿನ ಪುಸ್ತಕಗಳ ಹಣೆಬರಹ ಗೊತ್ತಲ್ಲ, ಯಾರೋ ಹಿಂದಿನ ಹಾಳೆ ಹರಿದು ಚಟ್ನಿ ಕಟ್ಟಿಕೊಂಡಿರುತ್ತಾರೆ, ಯಾರೋ ಕೂಸಿನ ಮೂತಿ ಒರೆಸಿರುತ್ತಾರೆ. ಕಥೆಗಳಿಗೆ ಕೊನೆ ಎಂಬುದೊಂದು ಇರುತ್ತದೆ ಎಂದು ತನಗೆ ಗೊತ್ತಾದದ್ದೇ ಹೈಸ್ಕೂಲಿನಲ್ಲಿ ಎಂದು ಗುರುದೇವಿ ನಗುತ್ತಿದ್ದಳು. ಹಾಗಾಗಿ ಅವಳಿಗೆ ಒಂದು ಹಟವಿತ್ತು. ತನ್ನ ಕೈಗೆ ಬಂದ ಮಕ್ಕಳು ಹಿಡಿದ ಪುಸ್ತಕವನ್ನು ಕೊನೆಯವರೆಗೆ ಓದಬೇಕು.

ನಮ್ಮ ಶಾಲೆಯಲ್ಲಿ ಪುಸ್ತಕಗಳೇ ಇರಲಿಲ್ಲ ಎಂದಲ್ಲ. ಹೆಡ್ ಮಾಸ್ತರ್ ಗುರುಲಿಂಗಯ್ಯನವರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಬೀಗದ ಹಿಂದೆ ಇದ್ದವು. ಮಕ್ಕಳು ಮುಟ್ಟಿದರೆ ಹರಿಯುತ್ತವೆ, ಹರಿದರೆ ಸಾಹೇಬರು ಕೇಳುತ್ತಾರೆ, ಕೇಳಿದರೆ ನಿವೃತ್ತಿಯ ಹೊಸ್ತಿಲಲ್ಲಿ ನಿಂತವನ ಗತಿಯೇನು ಎಂಬುದು ಅವರ ವಾದ. ಕೆಟ್ಟವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಗುರುದೇವಿ ದಿನಾ ಊಟದ ಬಿಡುವಿನಲ್ಲಿ ಅವರ ಎದುರು ಹೋಗಿ ಕೂತಳು. ಜಗಳವಿಲ್ಲ, ತಗಾದೆಯಿಲ್ಲ, ಸುಮ್ಮನೆ ಕಪಾಟು ನೋಡುತ್ತ ಬುತ್ತಿ ತಿನ್ನುವುದು. ಕೊನೆಗೆ ಅವರಿಗೇ ತುತ್ತು ಇಳಿಯದಾಗಿ ಕೀಲಿಕೈ ಕೊಟ್ಟುಬಿಟ್ಟರು.

ಏಳನೆಯ ತರಗತಿಯ ಕೋಣೆಯ ಹಿಂದಿನ ಗೋಡೆ ಗ್ರಂಥಾಲಯವಾಯಿತು. ಹಲಗೆ ತರಲು ಯಾರಿದ್ದಾರೆ? ಫರ್ಸಿ ಕಲ್ಲು ಪಾಲಿಶ್ ಮಾಡುವಲ್ಲಿ ಒಡೆದ ತುಂಡುಗಳನ್ನು ಬೇಡಿ ತಂದು, ಇಟ್ಟಿಗೆಯ ಮೇಲೆ ಅಡ್ಡ ಹಾಸಿ, ಮಕ್ಕಳ ಎದೆಯ ಎತ್ತರಕ್ಕೆ ಸಾಲು ಮಾಡಿದಳು. ಕಪಾಟಿನ ಪುಸ್ತಕ ಸಾಲಲಿಲ್ಲ. ಶಹಾಬಾದಿನಲ್ಲಿ ಶೌಕತ ಅಲಿ ಎಂಬ ಹಿರಿಯರ ರದ್ದಿ ಅಂಗಡಿಯಿದೆ; ರಜೆ ಸಿಕ್ಕಾಗಲೆಲ್ಲ ಅಲ್ಲಿ ಹೋಗಿ ತಕ್ಕಡಿಗೆ ಹೋಗುವ ರಾಶಿಯಿಂದ ಮಕ್ಕಳ ಪುಸ್ತಕ ಹೆಕ್ಕಿ ತರುತ್ತಿದ್ದಳು. ಅವರು ಅವಳನ್ನು ಬೇಟಿ ಎಂದು ಕರೆದು, ಚಹಾ ತರಿಸಿ, ಹರಕು ಪುಸ್ತಕಗಳಿಗೆ ತಾವೇ ದಬ್ಬಣ ಹಿಡಿದು ಹೊಲಿಗೆ ಹಾಕಿಕೊಡುತ್ತಿದ್ದರು. ಮನೆಗೆ ಒಯ್ಯಲು ಸಿಮೆಂಟ್ ಚೀಲಗಳನ್ನು ಹೊಳೆಯಲ್ಲಿ ತೊಳೆದು, ಮಗುವಿಗೊಂದರಂತೆ ಕೈಚೀಲ ಹೊಲಿದದ್ದಾಯಿತು. ಇಲಿ ಬಾರದ ಕಡೆ ಮೊಳೆಗೆ ಚೀಲ ನೇತುಹಾಕಬೇಕು, ವಾರಕ್ಕೊಮ್ಮೆ ತಂದು ಬದಲಿಸಬೇಕು, ಇದಿಷ್ಟೇ ನಿಯಮ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೊಳಿ ಓಣಿಯವರು. ಹಿಂದೆ ಹರಗೋಲು ಹಾಕುತ್ತಿದ್ದ ಮನೆಗಳು. ಸೇತುವೆಯಾದ ಮೇಲೆ ಕಲ್ಲಿನ ಖಣಿಗೆ, ಸಿಮೆಂಟ್ ಲೋಡಿಗೆ, ಬೇರೆಯವರ ಹೊಲಕ್ಕೆ ದುಡಿಯಲು ಹೋಗುತ್ತಾರೆ. ಮನೆಯಲ್ಲಿ ಅಚ್ಚಾದ ಕಾಗದ ಎಂದರೆ ಗೋಡೆಯ ಕ್ಯಾಲೆಂಡರ್ ಮಾತ್ರ. ಪುಸ್ತಕದ ಕನ್ನಡವೇ ಆ ಮಕ್ಕಳಿಗೆ ಪರದೇಶಿ. ಗುರುದೇವಿ 'ಹೋಗಿದ್ದಾನೆ' ಎಂದಿದ್ದಲ್ಲಿ 'ಹೋಗ್ಯಾನ' ಎಂದೇ ಓದುತ್ತಿದ್ದಳು. ಆಗ ನೋಡಬೇಕು ಅವುಗಳ ಕಣ್ಣು. ಬಿಸಿಯೂಟದ ಅಡುಗೆಯ ಭೀಮಮ್ಮ ಬೇಳೆ ಒಲೆಯ ಮೇಲೆ ಬಿಟ್ಟು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೀದ ಬೇಳೆ ನಾವು ಎಷ್ಟು ತಿಂದಿದ್ದೇವೋ.

ಮೊದಲು ಹಾಗೆ ಪುಸ್ತಕ ತಂದವಳು ಶೈಲಶ್ರೀ. ಕೇಳಿ ಕೇಳಿ ಬೇಸತ್ತ ಮೇಲೆ ತರುವ ಹುಡುಗಿ ಒಂದು ದಿನ ತಾನಾಗಿಯೇ ತಂದಳು. ಸಿಮೆಂಟ್ ಚೀಲದಲ್ಲಿ ಅಲ್ಲ, ಹೊಸ ಕುಬಸದ ಕಣದಲ್ಲಿ ಸುತ್ತಿ. ಬಿಚ್ಚಿದರೆ ಹಾಳೆಗಳ ನಡುವೆ ಒಂದು ಅರಿಶಿಣದ ಕೊಂಬು. ಗುರುದೇವಿ ಹಿಗ್ಗಿ ಹೀರೇಕಾಯಿಯಾದಳು. ಕೊಂಬನ್ನು ಎತ್ತಿ ಹಿಡಿದು, ಅರಿಶಿಣ ಇಟ್ಟರೆ ಪುಸ್ತಕಕ್ಕೆ ಹುಳ ಬೀಳುವುದಿಲ್ಲ, ಶೈಲಶ್ರೀಗೆ ಎಷ್ಟು ತಿಳಿವಳಿಕೆ ನೋಡಿ, ಎಲ್ಲರೂ ಹೀಗೆಯೇ ತನ್ನಿ ಎಂದು ತರಗತಿಗೆಲ್ಲ ಹೇಳಿದಳು. ಒಬ್ಬ ಹುಡುಗ ಕಿಸಕ್ಕನೆ ನಕ್ಕ, ಪಕ್ಕದವಳು ತಿವಿದಳು. ಶೈಲಶ್ರೀ ತಲೆ ಎತ್ತಲಿಲ್ಲ.

ಮರುವಾರದಿಂದ ಅವಳು ಬರಲಿಲ್ಲ. ಅಜ್ಜಿಯ ಊರಿಗೆ ಹೋಗಿದ್ದಾಳೆ ಎಂದರು. ಮಳೆ ಶುರುವಾದ ಮೇಲೆ ಒಂದು ಸಂಜೆ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆವು. ಕೈತುಂಬ ಹಸಿರು ಬಳೆ, ಕಾಲುಂಗುರ, ಪಕ್ಕದಲ್ಲಿ ಗಂಟು ಹಿಡಿದ ಅತ್ತೆ. ಗುರುದೇವಿಯನ್ನು ನೋಡಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಹದಿಮೂರು ತುಂಬಿತ್ತೋ ಇಲ್ಲವೋ. ಗುರುದೇವಿ ಅಂದು ಮನೆಗೆ ಹೋಗುವ ಗಾಡಿಯನ್ನೂ ತಪ್ಪಿಸಿಕೊಂಡು ಅಲ್ಲಿಯೇ ಕೂತುಬಿಟ್ಟಳು.

ಮಾರನೆಯ ದಿನ ಆ ಅರಿಶಿಣದ ಕೊಂಬನ್ನು ಒಯ್ದು ಭೀಮಮ್ಮನಿಗೆ ತೋರಿಸಿದಳು. ಭೀಮಮ್ಮ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಎರವಿನ ಸಾಮಾನ ಮನ್ಯಾಗ ಇಟ್ಕೊಂಡು ಪೋರಿಗಿ ಅರಿಶಿಣ ಹಚ್ಚಂಗಿಲ್ರಿ ಅಕ್ಕೋರ. ಜರಡಿ ಇರ್ಲಿ, ಮೊರ ಇರ್ಲಿ, ನಿಮ್ಮ ಪುಸ್ತಕ ಇರ್ಲಿ. ಯಾರದು ಅವ್ರಿಗಿ ಮುಟ್ಟಸ್ಬೇಕು. ಬರಿಗೈಲಿ ಅಲ್ಲ, ಕೊಂಬು ಇಟ್ಟು ಮುಟ್ಟಸ್ಬೇಕು. ನಮ್ಮ ಓಣ್ಯಾಗ ಹಿಂದಿಂದ ಹಂಗೇ ಅದ."

ಮುಟ್ಟಿಸದಿದ್ದರೆ ಏನಾಗುತ್ತದೆ ಎಂದು ಗುರುದೇವಿ ಕೇಳಿದಳು.

"ಎರವಿನ ಹಗ್ಗ ಕಟ್ಟಿ ಹರಗೋಲ ನೀರಿಗಿ ಇಳಿಸಿದಂಗ. ನಡು ಹೊಳ್ಯಾಗ ಹಗ್ಗದ ಮಾಲಕ ಬಂದು ಕೇಳ್ತಾನ."

ನಾನು ಎಲ್ಲವನ್ನೂ ನಗೆಯಲ್ಲಿ ತೆಗೆದುಹಾಕುವವಳು. ಅಂದು ನಗು ಬರಲಿಲ್ಲ. ಗುರುದೇವಿ ಒಳಗೆ ಹೋಗಿ, ಪುಸ್ತಕದ ಗೋಡೆಯ ಮುಂದೆ ಒಂದೊಂದೇ ಖಾಲಿ ಜಾಗ ನೋಡುತ್ತ ನಿಂತಳು. ಖಾಲಿ ಇದ್ದಷ್ಟೂ ಹುಡುಗಿಯರು ಮನೆಯಲ್ಲಿ ಕ್ಷೇಮ ಎಂದು ಆಮೇಲೆ ನನಗೆ ಹೇಳಿದಳು.

ಯುಗಾದಿ ಹೊತ್ತಿಗೆ ಇನ್ನೊಂದು ಪುಸ್ತಕ ಕಣದಲ್ಲಿ ಸುತ್ತಿ ಬಂತು. ಈ ಸಲ ಗುರುದೇವಿ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಜೀಪು ಬಂತು, ಅಧಿಕಾರಿಗಳು ಇಳಿದರು, ಮನೆಯವರು ಚಹಾ ಕೊಟ್ಟರು. ಹಂದರವಿಲ್ಲ, ಅರಿಶಿಣವಿಲ್ಲ, ಮದುವೆಯ ಮಾತೇ ಇಲ್ಲ. ಹುಡುಗಿಯೂ ಇಲ್ಲ; ಅವಳನ್ನು ಅಷ್ಟರಲ್ಲಿ ಗಡಿ ದಾಟಿಸಿ ತೆಲಂಗಾಣದ ಕಡೆ ಒಯ್ದು ಅಕ್ಕಿಕಾಳು ಹಾಕಿ ಮುಗಿಸಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಫೋನು ಮಾಡಿದವರು ಯಾರು ಎಂಬುದು ಓಣಿಗೆ ತಿಳಿಯದೆ ಇರುತ್ತದೆಯೇ. ಅಲ್ಲಿಂದ ನಮ್ಮ ದಾರಿ ಬದಲಾಯಿತು. ಕಟ್ಟೆಯ ಮೇಲೆ ಕೂತವರು ನಾವು ಹಾದುಹೋಗುವವರೆಗೆ ಮಾತು ನಿಲ್ಲಿಸುತ್ತಿದ್ದರು. ನನ್ನ ಸ್ಕೂಟಿಯ ಗಾಳಿ ಎರಡು ಸಲ ಹೋಯಿತು, ಮುಳ್ಳು ಚುಚ್ಚಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಭೀಮಮ್ಮನ ಮಗ ಸಾಯಬಣ್ಣ ಬಸ್ಸಿನ ಹತ್ತಿರ ಗುರುದೇವಿಯನ್ನು ತಡೆದ. ಖಣಿಯಲ್ಲಿ ಕಲ್ಲು ತುಂಬುವ ಆಳು, ಮೆತ್ತಗಿನ ದನಿಯ ಮನುಷ್ಯ.

"ನೀವು ಬಸ್ಸಿನ್ಯಾಗ ಬರ್ತೀರಿ, ಬಸ್ಸಿನ್ಯಾಗ ಹೋಗ್ತೀರಿ ಅಕ್ಕೋರ. ಹಂಗೇ ಇರ್ರಿ. ಓಣ್ಯಾಗ ಇಳೀಬ್ಯಾಡ್ರಿ."

ಅಷ್ಟು ಹೇಳಿ ಕೈಮುಗಿದು ಹೋದ. ಬೈದಿದ್ದರೆ ಒಳ್ಳೆಯದಿತ್ತು, ಆ ಕೈಮುಗಿಯುವುದಕ್ಕೆ ನಾವಿಬ್ಬರೂ ಹೆದರಿದೆವು.

ಈ ಸಾಯಬಣ್ಣನ ಮಗಳು ಶ್ರುತಿ. ತಾಯಿ ಇಲ್ಲದ ಹುಡುಗಿ, ಭೀಮಮ್ಮನ ಕೈಯಲ್ಲಿ ಬೆಳೆದವಳು. ಏಳನೆಯ ತರಗತಿಯಲ್ಲಿ ಅವಳಷ್ಟು ಸರಾಗ ಓದುವವರು ಇರಲಿಲ್ಲ. ನನ್ನ ಗಣಿತದಲ್ಲಿ ಮಾತ್ರ ಸೊನ್ನೆ, ಅದಕ್ಕೆ ಇವತ್ತಿಗೂ ನನಗೆ ಸಿಟ್ಟಿದೆ. ಶೌಕತ ಅಲಿಯವರ ರಾಶಿಯಿಂದ ಬಂದ ಒಂದು ದಪ್ಪ ಪುಸ್ತಕ ಅವಳ ಪಾಲಿಗೆ ಬಿತ್ತು. ಮೇಲಿನ ರಟ್ಟು ಹೋಗಿತ್ತು, ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಸಮುದ್ರದ ಮೇಲೆ ಹೊರಟ ಒಂದು ಹಡಗಿನ ಕಥೆ. ಮಕ್ಕಳು ಅದನ್ನು ಹಡಗಿನ ಪುಸ್ತಕ ಎನ್ನುತ್ತಿದ್ದರು. ಶ್ರುತಿ ಅದನ್ನು ವಾರವಾರವೂ ತಂದು ತೋರಿಸಿ ಮತ್ತೆ ಒಯ್ಯುತ್ತಿದ್ದಳು. ಸಂಜೆ ಅಜ್ಜಿಗೆ ಓದಿ ಹೇಳುವುದು, ದಿನಕ್ಕೆ ಸ್ವಲ್ಪವೇ. ಮರುದಿನ ಭೀಮಮ್ಮ ಒಲೆಯ ಮುಂದೆ ನನಗೆ ಹಡಗಿನ ಸುದ್ದಿ ಹೇಳುತ್ತಿದ್ದಳು, ತನ್ನ ಮಾವನ ಹರಗೋಲಿನ ಸುದ್ದಿ ಹೇಳಿದಂತೆಯೇ. ಬಿರುಗಾಳಿ ಬಿಟ್ಟಿದೆ, ಕಂಬ ಮುರಿದಿದೆ, ಮುಂದೇನೋ ಎನ್ನುತ್ತಿದ್ದಳು.

ತೊಗರಿ ಹೂಬಿಟ್ಟ ಕಾಲದಲ್ಲಿ ಒಂದು ಬೆಳಿಗ್ಗೆ ಭೀಮಮ್ಮ ಅಡುಗೆಮನೆಗೆ ಹೋಗದೆ ನೇರ ಏಳನೆಯ ತರಗತಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿರು ಕಣ. ನಾನು ವರಾಂಡದಲ್ಲಿದ್ದೆ. ನೋಡಿದ ಕೂಡಲೇ ಗೊತ್ತಾಯಿತು. ಶ್ರುತಿ ತನ್ನ ಜಾಗದಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದಳು, ಮಾಸ್ತರರು ಫಲಿತಾಂಶ ಓದುವಾಗ ಮಕ್ಕಳು ನೋಡುತ್ತಾರಲ್ಲ ಹಾಗೆ.

ಚಿಂಚೋಳಿ ಕಡೆ ಸಾಯಬಣ್ಣನ ತಂಗಿಯ ಮನೆ. ತಂಗಿಯ ಮಗನಿಗೇ ಮಾತಾಗಿದೆ, ಮಾತು ಮುರಿದರೆ ಒಡಹುಟ್ಟಿದವಳ ಬಾಗಿಲು ಮುಚ್ಚುತ್ತದೆ. ಇಷ್ಟನ್ನು ಭೀಮಮ್ಮ ನೆಲ ನೋಡುತ್ತ ಹೇಳಿದಳು. ಆಮೇಲೆ ಎರಡೂ ಕೈಯಲ್ಲಿ ಪುಸ್ತಕ ಮುಂದೆ ಹಿಡಿದಳು.

ಗುರುದೇವಿ ಕೈ ಚಾಚಲಿಲ್ಲ.

"ಓದಿ ಮುಗಿದಿಲ್ಲ ಭೀಮಮ್ಮ. ಪೂರಾ ಓದದ ಪುಸ್ತಕ ನಾ ವಾಪಸ್ ತಗೊಳ್ಳಂಗಿಲ್ಲ. ಇದು ಇಲ್ಲಿ ಕಾಯ್ದೆ."

ಅಂತಹ ಕಾಯ್ದೆ ನಮ್ಮ ಶಾಲೆಯಲ್ಲಿ ಇರಲಿಲ್ಲ. ಆ ಗಳಿಗೆಯಲ್ಲಿ ಹುಟ್ಟಿತು. ಕೊಟ್ಟವರು ತೆಗೆದುಕೊಳ್ಳದೆ ಎರವು ಮುಟ್ಟಿದಂತಾಗುವುದಿಲ್ಲ, ಇದು ಭೀಮಮ್ಮನೇ ಕಲಿಸಿದ ಪಾಠ. ಪುಸ್ತಕವನ್ನು ಮತ್ತೆ ಕಣದಲ್ಲಿ ಸುತ್ತಿ, ಬೇಳೆ ತೊಳೆಯಲು ಹೋದಳು. ಅವಳ ಮುಖದಲ್ಲಿ ಕಂಡದ್ದು ಸಿಟ್ಟೋ ನೆಮ್ಮದಿಯೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ಪುಸ್ತಕದ ತಿರುಗಾಟ. ಸಾಯಬಣ್ಣ ಅದನ್ನು ಗುರುದೇವಿಯ ಮೇಜಿನ ಮೇಲೆ ಇಟ್ಟು ಹೋದ. ಅವಳು ಶ್ರುತಿಯ ಕೈಯಲ್ಲೇ ಮನೆಗೆ ಕಳಿಸಿದಳು. ಕಿಟಕಿಯಲ್ಲಿ ಇಟ್ಟರು, ತಿರುಗಿ ಹೋಯಿತು. ಮದುವೆಯ ದಿನ ಒಮ್ಮೆ ಮುಂದೆ ಹೋಯಿತು, ಮತ್ತೊಮ್ಮೆ ಹೋಯಿತು. ಚಿಂಚೋಳಿಯವರು ಒಂದು ಹರಕು ಪುಸ್ತಕಕ್ಕೆ ಹೆದರುತ್ತೀರಾ ಎಂದು ನಕ್ಕರಂತೆ. ಆದರೆ ನಕ್ಕವರಾರೂ ಅರಿಶಿಣದ ಬಟ್ಟಲಿಗೆ ಕೈ ಹಾಕಲು ಮುಂದೆ ಬರಲಿಲ್ಲ. ಗುರುದೇವಿ ತೆಳ್ಳಗಾದಳು. ಫೋನು ಮಾಡಿದರೆ ಹಿಂದಿನ ಸಲದಂತೆ ರಾತ್ರೋರಾತ್ರಿ ಗಡಿ ದಾಟಿಸಿಬಿಡುತ್ತಾರೆ, ಮಾಡದಿದ್ದರೆ ಎಷ್ಟು ದಿನ ಹೀಗೆ ಎಂಬ ಭಯ. ಶ್ರುತಿ ಮಾತ್ರ ದಿನಾ ಶಾಲೆಗೆ ಬರುತ್ತಿದ್ದಳು. ಹಡಗು ಎಲ್ಲಿಗೆ ಬಂತು ಎಂದು ಕೇಳಿದರೆ, ಇನ್ನೂ ದಡ ಕಾಣಿಸಿಲ್ಲ ಎನ್ನುತ್ತಿದ್ದಳು. ಅವಳು ಒಂದೇ ಹಾಳೆಯನ್ನು ಮತ್ತೆ ಮತ್ತೆ ಓದುತ್ತಿದ್ದಾಳೆ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಸೇಡಂನಲ್ಲಿ ತರಬೇತಿ ಬಂತು. ನನ್ನನ್ನೂ ಗುರುದೇವಿಯನ್ನೂ ಎರಡು ದಿನ ಕಳಿಸಿದರು. ಹೋಗುವ ಮುಂಚೆ ಅವಳು ಶ್ರುತಿಯನ್ನು ಕರೆದು, ಯಾರಿಗೂ ಪುಸ್ತಕ ಕೊಡಬೇಡ ಎಂದು ಹೇಳಿದಳು. ಹೆಡ್ ಮಾಸ್ತರಿಗೆ ಹೇಳಲು ನಮಗಿಬ್ಬರಿಗೂ ಹೊಳೆಯಲಿಲ್ಲ. ಇಂಥದ್ದನ್ನು ಅವರಿಗೆ ಹೇಳುವುದಾದರೂ ಹೇಗೆ?

ತಿರುಗಿ ಬಂದ ದಿನ ಗುರುಲಿಂಗಯ್ಯನವರು ಗೇಟಿನಲ್ಲೇ ನಿಂತಿದ್ದರು, ಮುಖ ತುಂಬ ನಗು. ನಾವಿಲ್ಲದಾಗ ದೊಡ್ಡ ಸಾಹೇಬರು ಬಂದಿದ್ದರಂತೆ. ಬರುವ ಸುದ್ದಿ ಹಿಂದಿನ ದಿನವೇ ಸಿಕ್ಕಿತ್ತು, ಇವರು ಮನೆಮನೆಗೆ ಹೇಳಿ ಕಳಿಸಿ ಎಲ್ಲ ಪುಸ್ತಕ ವಾಪಸ್ ತರಿಸಿದ್ದರು. ಒಂದೂ ಕಡಿಮೆಯಿಲ್ಲ. ಏನು ಶಿಸ್ತು ಎಂದು ಸಾಹೇಬರು ಫೋಟೋ ಹೊಡೆದುಕೊಂಡು ಹೋದರಂತೆ.

ಗುರುದೇವಿ ಅವರ ಮಾತು ಮುಗಿಯುವ ಮೊದಲೇ ಏಳನೆಯ ತರಗತಿಗೆ ಓಡಿದಳು. ನಾನೂ ಹಿಂದೆ ಹೋದೆ. ಫರ್ಸಿಯ ಸಾಲುಗಳು ತುಂಬಿದ್ದವು. ಇಷ್ಟು ವರ್ಷದಲ್ಲಿ ಅವು ತುಂಬಿದ್ದನ್ನು ನಾವು ನೋಡಿರಲಿಲ್ಲ. ಕೆಳಗಿನ ಸಾಲಿನ ಕೊನೆಯಲ್ಲಿ ಹಡಗಿನ ಪುಸ್ತಕ ಇತ್ತು. ಶ್ರುತಿಯ ಜಾಗ ಖಾಲಿಯಿತ್ತು, ಅಡುಗೆಮನೆಯಲ್ಲಿ ಬೇರೆ ಯಾರೋ ಹೆಂಗಸು ಅಕ್ಕಿ ಆರಿಸುತ್ತಿದ್ದಳು.

ಆ ಪುಸ್ತಕವನ್ನು ಸಾಯಬಣ್ಣನೇ ತಂದು ತಮ್ಮ ಕೈಗೆ ಕೊಟ್ಟ, ಭಾಳ ಮರ್ಯಾದಸ್ಥ, ಜೊತೆಗೆ ಅರಿಶಿಣ ಬೇರೆ ಇಟ್ಟಿದ್ದ ಎಂದು ಹೆಡ್ ಮಾಸ್ತರು ಹೇಳಿದರು. ಆ ಕೊಂಬನ್ನು ಅವರು ತಮ್ಮ ಮೇಜಿನ ಮೇಲಿನ ದೇವರ ಫೋಟೋದ ಮುಂದೆ ಇಟ್ಟಿದ್ದರು. ನನಗೆ ಕೂಗಿಬಿಡಬೇಕು ಎನ್ನಿಸಿತು.

ಗುರುದೇವಿ ಪುಸ್ತಕವನ್ನು ಹಿಂದಿನಿಂದ ತೆರೆದಳು. ಕೊನೆಯ ಹಾಳೆಗಳಿರಲಿಲ್ಲ. ಹರಿದದ್ದಲ್ಲ, ಶೌಕತ ಅಲಿಯವರು ಹಾಕಿದ ಹೊಲಿಗೆಯನ್ನು ಬಿಚ್ಚಿ, ಮೆಲ್ಲಗೆ ಹೊರಗೆಳೆದು, ದಾರವನ್ನು ಮತ್ತೆ ಗಂಟು ಹಾಕಿದ್ದರು. ಹೆಡ್ ಮಾಸ್ತರು ಇಣುಕಿ ನೋಡಿ ಹಣೆ ಬಡಿದುಕೊಂಡರು. ಇದಕ್ಕೇ ತಾವು ಬೀಗ ಹಾಕಿಟ್ಟಿದ್ದು ಎಂದರು.

"ಹರದಿಲ್ಲ ಸರ್," ಎಂದಳು ಗುರುದೇವಿ. "ಶ್ರುತಿ ಇಟ್ಕೊಂಡಾಳ."

ನಾನು ಎರಡು ಮಾತಿನಲ್ಲಿ ಅವರಿಗೆ ವಿಷಯ ಬಿಡಿಸಿ ಹೇಳಿದೆ. ಗುರುಲಿಂಗಯ್ಯನವರು ತಮ್ಮ ಕೋಣೆಗೆ ಹೋಗಿ ಮೇಜಿನ ಮೇಲಿನ ಕೊಂಬನ್ನು ನೋಡಿದರು. ಆಮೇಲೆ, ಇಪ್ಪತ್ತು ವರ್ಷದಲ್ಲಿ ಮೇಲಿನವರಿಗೆ ತಾವಾಗಿ ಒಂದು ಫೋನು ಮಾಡದ ಮನುಷ್ಯ, ಸಹಾಯವಾಣಿಗೆ ತಾವೇ ಫೋನು ಹಚ್ಚಿದರು. ನಾವಿಬ್ಬರೂ ಕಾಯಲಿಲ್ಲ, ಸ್ಕೂಟಿ ತೆಗೆದೆವು.

ಚಿಂಚೋಳಿಯ ದಾರಿ ಅಂದು ಮುಗಿಯುವಂತೆ ಕಾಣಲಿಲ್ಲ. ಎರಡೂ ಬದಿ ಆಳೆತ್ತರದ ತೊಗರಿ, ನಡುವೆ ಕಲ್ಲಿನ ಲಾರಿಗಳ ಧೂಳು. ಕೇಳುತ್ತ ಹೋಗಿ ಸಾಯಬಣ್ಣನ ತಂಗಿಯ ಊರು ಸಿಕ್ಕಿತು, ಮನೆಯೂ ಸಿಕ್ಕಿತು. ಹಂದರ ಹಾಕಿರಲಿಲ್ಲ, ವಾದ್ಯವಿಲ್ಲ. ಹಗಲಿನಲ್ಲೇ ಬಾಗಿಲು ಅರ್ಧ ಮುಚ್ಚಿದ್ದರು. ಒಳಗೆ ಅಂಗಳದ ತುಂಬ ಜನ, ಸದ್ದೇ ಇಲ್ಲ.

ನಡುವೆ ಮಣೆಯ ಮೇಲೆ ಶ್ರುತಿ ಹಳದಿ ಸೀರೆಯಲ್ಲಿ ಕೂತಿದ್ದಳು. ಮುಂದೆ ಅರಿಶಿಣದ ಬಟ್ಟಲು. ಅವಳ ಮುಖಕ್ಕಿನ್ನೂ ಅರಿಶಿಣ ತಾಗಿರಲಿಲ್ಲ. ಅವಳ ಮುಷ್ಟಿಯಲ್ಲಿ ಮಡಿಸಿದ ಹಾಳೆಗಳಿದ್ದವು. ಭೀಮಮ್ಮ ಬಟ್ಟಲಿಗೂ ಹುಡುಗಿಗೂ ನಡುವೆ ಅಡ್ಡ ಕೂತಿದ್ದಳು. ಅರಿಶಿಣ ಹಚ್ಚಲು ಬಂದಾಗ ಹುಡುಗಿ ಹಾಳೆ ತೆಗೆದು ತೋರಿಸಿದಳಂತೆ, ನನ್ನ ಹಂತ್ಯಾಕ ಎರವು ಅದ ಎಂದಳಂತೆ. ಅಜ್ಜಿ ಅಲ್ಲಿಂದ ಎದ್ದಿರಲಿಲ್ಲ.

ನಮ್ಮನ್ನು ಕಂಡು ಜಗಳವಾಗುತ್ತದೆ ಎಂದುಕೊಂಡಿದ್ದೆ. ಸಾಯಬಣ್ಣ ಎದ್ದು ಬಂದು ಕೈಮುಗಿದ. ಅವನ ಮುಖದಲ್ಲಿ ದೊಡ್ಡ ಭಾರ ಇಳಿದಂತಿತ್ತು.

"ಬರ್ರಿ ಅಕ್ಕೋರ, ಕುಂದ್ರಿ. ಛಲೋ ಆತು ನೀವೇ ಬಂದ್ರಿ. ನಿಮ್ಮ ಎರವು ನಿಮ್ಮ ಕೈಗಿ ಮುಟ್ಟಿಸ್ತೀವಿ. ಊಟ ಮಾಡ್ಕೊಂಡು ಹೋಗ್ರಿ."

ಆಗ ನಮ್ಮ ತಪ್ಪು ನನಗೆ ಹೊಳೆಯಿತು. ಅವರಿಗೆ ಬೇಕಾಗಿದ್ದದ್ದು ಎರವು ವಾಪಸ್ ತೆಗೆದುಕೊಳ್ಳುವವರು, ನಾವಾಗಿಯೇ ಓಡೋಡಿ ಬಂದು ಗುರುದೇವಿಯನ್ನು ಅವರ ಮುಂದೆ ತಂದು ನಿಲ್ಲಿಸಿದ್ದೆವು. ಯಾರೋ ಹಿಂದೆ ಬಾಗಿಲು ಎಳೆದುಕೊಂಡ ಸದ್ದಾಯಿತು. ತಟ್ಟೆಯಲ್ಲಿ ಹೊಸ ಕಣ, ಕೊಂಬು, ಎಲ್ಲ ಸಿದ್ಧವಿತ್ತು. ಸಾಯಬಣ್ಣ ಮಗಳ ಮುಷ್ಟಿ ಬಿಡಿಸಲು ಬಾಗಿದ.

ಗುರುದೇವಿ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು.

"ತಗೋತೀನಿ," ಎಂದಳು. "ಆದ್ರ ಓದಿದ ಮ್ಯಾಲ ತಗೋತೀನಿ. ಉಳಿದದ್ದು ಅಷ್ಟೇ ಅದ. ಶ್ರುತಿ, ಓದು. ಅಜ್ಜಿಗಿ ಕೇಳಿಸುವಂಗ ಓದು."

ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು ಹಾಳೆ ಓದಿದರೆ ಗಂಟೇನು ಹೋಗುತ್ತದೆ, ಓದಲಿ ಎಂದು ಯಾರೋ ಹಿರಿಯರು ಹೇಳಿದರು. ಶ್ರುತಿ ಹಾಳೆ ಬಿಚ್ಚಿದಳು. ಗುರುದೇವಿಯನ್ನು ಒಮ್ಮೆ ನೋಡಿದಳು. ಆಮೇಲೆ ಓದತೊಡಗಿದಳು.

ತರಗತಿಯಲ್ಲಿ ಗಾಳಿಯಂತೆ ಓದುತ್ತಿದ್ದ ಹುಡುಗಿ ಒಂದನೆಯ ತರಗತಿಯ ಕೂಸಿನಂತೆ ಓದಿದಳು. ಹ. ಡ. ಗು. ಹಡಗು. ಬೆರಳಿಟ್ಟು, ತಡವರಿಸಿ, ಒತ್ತಕ್ಷರಕ್ಕೆ ನಿಂತು, ಮತ್ತೆ ಸಾಲಿನ ಮೊದಲಿಗೆ ಹೋಗಿ. ಪಾಪ, ಅರ್ಧಂಬರ್ಧ ಕಲಿತಿದ್ದಾಳೆ ಎಂದು ಹೆಂಗಸರು ಮರುಗಿದರು. ಸಾಯಬಣ್ಣನಿಗೆ ಮಾತ್ರ ಗೊತ್ತಿತ್ತು, ಸಂಜೆ ಸಂಜೆ ಅವಳ ಓದು ಕೇಳಿದವನು. ಆದರೆ ನೆರೆದವರ ಮುಂದೆ ಮಗಳು ಸರಾಗ ಓದಬಲ್ಲಳು, ಮದುವೆ ಬೇಡವೆಂದೇ ಹೀಗೆ ಮಾಡುತ್ತಿದ್ದಾಳೆ ಎಂದು ಹೇಗೆ ಹೇಳುತ್ತಾನೆ? ನಾನು ಬಾಗಿಲ ಕಡೆ ಕಿವಿಯಿಟ್ಟಿದ್ದೆ. ಹೊರಗೆ ಕೋಳಿಯ ಸದ್ದು ಬಿಟ್ಟರೆ ಏನಿಲ್ಲ. ಹಾಳೆ ತಿರುಗಿತು, ಇನ್ನೊಂದು ತಿರುಗಿತು. ಕೊನೆಯ ಸಾಲು ಬಂದುಬಿಟ್ಟಿತು. ಹಡಗಿಗೆ ದಡ ಸಿಕ್ಕಿತು.

ಶ್ರುತಿ ತಲೆ ಎತ್ತಲಿಲ್ಲ. ಸಾಯಬಣ್ಣ ಕೈ ಚಾಚಿದ. ಆಗ ಭೀಮಮ್ಮ ಬಾಯಿ ತೆಗೆದಳು.

"ನನಗ ಕಿವಿ ಮಂದ ಅದಾವ ಯಪ್ಪಾ. ಕೇಳಸ್ಲಿಲ್ಲ. ಮೊದಲಿಂದ ಓದು ಪೋರಿ."

ಸಾಯಬಣ್ಣ ತಾಯಿಯನ್ನು ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಭೀಮಮ್ಮ ಅಲುಗಲಿಲ್ಲ. ಶ್ರುತಿ ಮೊದಲ ಹಾಳೆಗೆ ಹೋದಳು. ಹ. ಡ. ಗು. ಎರಡನೆಯ ಹಾಳೆಯ ನಡುವೆ ಹೊರಗೆ ಜೀಪಿನ ಬ್ರೇಕು ಕೇಳಿಸಿತು.

ಶ್ರುತಿ ಈಗ ಕಲಬುರಗಿಯಲ್ಲಿ, ಸರ್ಕಾರದವರ ಹಾಸ್ಟೆಲಿನಲ್ಲಿದ್ದಾಳೆ. ಗಣಿತ ಇನ್ನೂ ಬರುವುದಿಲ್ಲವಂತೆ. ಆ ಹಾಳೆಗಳು ಅವಳ ಹತ್ತಿರವೇ ಇವೆ. ಗುರುದೇವಿ ಕೇಳಿಲ್ಲ, ಕೇಳುವುದೂ ಇಲ್ಲ. ಭೀಮಮ್ಮನಿಗೆ ಮಗನ ಮನೆಯ ಬಾಗಿಲು ಮುಚ್ಚಿತು. ಶಹಾಬಾದಿನಲ್ಲಿ ಕಿರಿಯ ಮಗನ ಹತ್ತಿರ ಇದ್ದಾಳೆ, ಅಲ್ಲಿಯೂ ಕಥೆ ಓದುವವರು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಕೇಳಿಕಳಿಸಿದ್ದಳು. ಸಾಯಬಣ್ಣ ಬಸ್ಸಿನ ಹತ್ತಿರ ಸಿಗುತ್ತಾನೆ. ಕೈಮುಗಿಯುವುದನ್ನು ಬಿಟ್ಟಿದ್ದಾನೆ, ಸುಮ್ಮನೆ ನೋಡುತ್ತಾನೆ. ಇದನ್ನೆಲ್ಲ ತಡೆದುಕೊಳ್ಳಬಹುದು.

ತಡೆಯಲಾಗದ್ದು ಬೇರೆ. ಆ ದಿನದಿಂದ ಹೊಳಿ ಓಣಿಯ ಒಂದು ಮನೆಯೂ ಹುಡುಗಿಯರ ಕೈಯಲ್ಲಿ ಪುಸ್ತಕ ತರಿಸಿಕೊಳ್ಳುವುದಿಲ್ಲ. ಶಾಲೆಯಲ್ಲಿ ಓದಲಿ, ಹೊಸ್ತಿಲು ದಾಟಿಸಿ ಒಳಗೆ ತರಬಾರದು. ಎರವೇ ಬೇಡ ಎಂದರೆ ಮುಟ್ಟಿಸುವ ಮಾತೇ ಇಲ್ಲವಲ್ಲ. ಸಿಮೆಂಟ್ ಚೀಲಗಳು ಗೋಡೆಯ ಮೊಳೆಗೆ ಖಾಲಿ ನೇತಾಡುತ್ತವೆ. ಫರ್ಸಿಯ ಸಾಲುಗಳು ತುಂಬಿಕೊಂಡೇ ಇವೆ. ಬಂದ ಸಾಹೇಬರೆಲ್ಲ ನೋಡಿ ಮೆಚ್ಚುತ್ತಾರೆ. ಗುರುದೇವಿ ಆ ಸಾಲುಗಳಿಗೆ ಬೆನ್ನು ಮಾಡಿ ಪಾಠ ಮಾಡುತ್ತಾಳೆ.

ಈ ಸೋಮವಾರ ಏಳನೆಯ ತರಗತಿಯಲ್ಲಿ ಒಬ್ಬಳು ಬಂದಿಲ್ಲ. ಪಕ್ಕದ ಹುಡುಗಿಯನ್ನು ಕೇಳಿದರೆ ಜ್ವರ ಎಂದಳು. ಜ್ವರವೇ ಇರಬಹುದು. ಗುರುದೇವಿ ಒಂದು ಪುಸ್ತಕ ತೆಗೆದುಕೊಂಡು ಓಣಿಯ ಕಡೆ ಹೊರಟಿದ್ದಾಳೆ, ಆ ಮನೆಯಲ್ಲಿ ಅದನ್ನು ಯಾರಾದರೂ ಎರವಲು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಲು. ಹೊರಡಬೇಕಾಗಿ ಬಂದರೆ ಎಂದು ನಾನು ಸ್ಕೂಟಿ ತಿರುಗಿಸಿಕೊಂಡು ಗೇಟಿನಲ್ಲಿ ನಿಂತಿದ್ದೇನೆ.